ಮನೆಯ ಬಿರುಕುಗಳೂ ಮನೆಯವರ ಉಸಿರೂ

ಅಕ್ಕಿಯನ್ನು ಬೇಯಿಸುವುದಕ್ಕೆ ಮೊದಲು ಅದರೊಳಗಿನ ಕಲ್ಲನ್ನು ಆರಿಸುತ್ತೇವೆ, ಹಿಟ್ಟನ್ನು ಜರಡಿಯಾಡುತ್ತೇವೆ, ಕುಡಿಯುವ ನೀರನ್ನು ಕಾಯಿಸಿ ಸೋಸುತ್ತೇವೆ. ಗೃಹಿಣಿಯಾದವಳು ಇವುಗಳಲ್ಲಿ ಒಂದನ್ನು ಅಲಕ್ಷ್ಯಮಾಡಿದರೂ ನೆರೆಹೊರೆಯವರು ಆಕೆಯನ್ನು ಅಚ್ಚುಕಟ್ಟಿಲ್ಲದವಳೆಂದು ಹೇಳದೆ ಬಿಡರು. ಆದರೆ ಅನ್ನಪಾನಗಳೆರಡನ್ನೂ ಕೂಡಿಸಿದ ತೂಕಕ್ಕಿಂತ ಹೆಚ್ಚಾಗಿ ನಾವು ಪ್ರತಿದಿನವೂ ದೇಹದೊಳಕ್ಕೆ ತೆಗೆದುಕೊಳ್ಳುವ ಪದಾರ್ಥವೊಂದುಂಟು. ಅದು ಗಾಳಿ. ವಯಸ್ಸಿಗೆ ಬಂದ ಮನುಷ್ಯನು ಹಗಲಿರುಳು ಸೇರಿ ಸುಮಾರು ೧೧,೦೦೦ ಲೀಟರು ಗಾಳಿಯನ್ನು ಉಸಿರಾಡುವನು. ಅದರ ತೂಕ ಹದಿಮೂರು ಕಿಲೋಗ್ರಾಮಿಗೆ ಹತ್ತಿರವಾಗುವುದು. ಇಷ್ಟು ಗಾಳಿ ಎಲ್ಲಿಂದ ಬಂದಿತು, ಯಾವ ದಾರಿಯನ್ನು ಹಿಡಿದು ಮನೆಯೊಳಕ್ಕೆ ಹೊಕ್ಕಿತು ಎಂದು ವಿಚಾರಿಸುವವರು ವಿರಳ.

"ನಮ್ಮ ಮನೆಯಲ್ಲಿ ಗಾಳಿಗೇನೂ ಕೊರತೆಯಿಲ್ಲ, ಬಾಗಿಲು ಮುಚ್ಚಿದರೂ ಸಂದಿನಿಂದ ಬರುತ್ತಲೇ ಇರುತ್ತದೆ" ಎಂದು ಸಂತೋಷದಿಂದ ಹೇಳುವವರುಂಟು. ಸಂದಿನಿಂದ ಬರುವ ಗಾಳಿ ಬೇರೆ, ಕಿಟಕಿಯಿಂದ ಬರುವ ಗಾಳಿ ಬೇರೆ. ಕಿಟಕಿಯನ್ನು ಎಲ್ಲಿ ಇಡಬೇಕು, ಯಾವಾಗ ತೆರೆಯಬೇಕು ಎಂಬುದನ್ನು ನಾವು ನಿಶ್ಚಯಿಸುತ್ತೇವೆ. ಬಿರುಕಾದರೋ ನಮ್ಮನ್ನು ಕೇಳಿ ಹುಟ್ಟಿದುದಲ್ಲ. ತನ್ನ ಆಚೆ ಬದಿಯಲ್ಲಿ ಏನಿರುವುದೋ ಅದನ್ನೇ ಅದು ಒಳಕ್ಕೆ ತರುವುದು. ಆದಕಾರಣ ಬೇಡದ ಸಂದುಗಳನ್ನು ಮುಚ್ಚುವುದೂ ಬೇಕಾದ ಕಿಂಡಿಗಳನ್ನು ತೆರೆಯುವುದೂ ಒಂದೇ ಕೆಲಸದ ಎರಡು ಭಾಗಗಳು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನಕ್ಕೆ ಬದಲಾಗಿ ಅಪಾಯವೇ ಉಂಟಾಗುವುದು. ಇದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿದ್ಯಾರ್ಥಿನಿಯರ ತಾಯಿತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಜೋಗುಪಾಳ್ಯದ ಬೀದಿಗಳನ್ನು ಬಲ್ಲವರಿಗೆ ಈ ವಿಷಯವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ೧೮೦೯ರಲ್ಲಿ ಹಲಸೂರಿನ ಬಳಿ ಬೆಂಗಳೂರಿನ ದಂಡು ಏರ್ಪಟ್ಟ ಮೇಲೆ ಈ ಸುತ್ತಿನಲ್ಲಿ ಜನವಸತಿ ಬೆಳೆಯುತ್ತ ಬಂದಿತು. ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ತಗುಲಿಕೊಂಡಿದೆ. ತಗುಲದ ಕಡೆ ಇಬ್ಬರ ನಡುವೆ ಒಂದು ಗೇಣೋ ಎರಡು ಗೇಣೋ ಸಂದಿಯಿದೆ. ಒಬ್ಬರ ಬಚ್ಚಲ ಮೋರಿ, ಮತ್ತೊಬ್ಬರ ಅಡಿಗೆಮನೆಯ ಹೊಗೆ, ಮೂರನೆಯವರ ಪಾಯಖಾನೆಯ ಕೊಳವೆ, ಇವೆಲ್ಲವೂ ಆ ಸಂದಿಗೇ ತೆರೆದಿರುವುವು. ಹಂಚಿನ ಮನೆಗಳಿದ್ದ ಎಷ್ಟೋ ನಿವೇಶನಗಳಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳೆದ್ದು, ನೆಲದಂತಸ್ತಿನಲ್ಲಿ ಮೋಟಾರು ಬಂಡಿಗಳು ನಿಲ್ಲುತ್ತವೆ. ಸಮೀಪದ ಹಳೆಯ ಮದರಾಸು ರಸ್ತೆಯ ಮೇಲೆ ೨೦೧೧ರ ಅಕ್ಟೋಬರಿನಿಂದ ಮೆಟ್ರೋ ರೈಲು ಓಡುತ್ತಿದ್ದರೂ ಕೆಳಗಣ ರಸ್ತೆಯಲ್ಲಿ ವಾಹನಗಳ ಸಾಲು ತಪ್ಪಿಲ್ಲ. ಇಂತಹ ಸ್ಥಳದಲ್ಲಿ ಗೋಡೆಯ ಒಂದು ಬಿರುಕು ಎತ್ತ ಕಡೆಗೆ ತೆರೆದಿದೆ ಎಂಬುದು ಅಲ್ಪವಿಷಯವಲ್ಲ.

ನಮ್ಮ ಹಿರಿಯರ ಮನೆಗಳು ಸಂದುಗಳಿಂದ ತುಂಬಿದ್ದುದಕ್ಕೆ ಕಾರಣವಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಹೆಸರಾದ ಮಂಗಳೂರು ಹಂಚು ಬೆಂಗಳೂರಿನ ಮನೆಗಳ ಮೇಲೆಯೂ ಏರಿತು. ಹಂಚಿಗೂ ಹಂಚಿಗೂ ನಡುವೆ ಗಾರೆಯಿಲ್ಲ. ಒಂದು ಇನ್ನೊಂದನ್ನು ಕಚ್ಚಿಕೊಂಡು ನಿಲ್ಲುವುದು. ಮಳೆಯ ನೀರು ಒಳಗೆ ಇಳಿಯದು, ಆದರೆ ಒಲೆಯ ಹೊಗೆ ಮೇಲಕ್ಕೇರಿ ಹಂಚಿನ ಸಂದುಗಳಿಂದ ಹೊರಗೆ ಹೋಗುವುದು. ಸೌದೆಯ ಒಲೆ ಉರಿಯುತ್ತಿದ್ದ ಮನೆಗೆ ಈ ಸಂದುಗಳು ಉಪಕಾರಿಗಳೇ ಆಗಿದ್ದುವು. ಈಗ ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಿದೆ. ಹೊರಗಿನ ಬೀದಿಯಾದರೋ ಮೊದಲಿಗಿಂತ ಹೊಲಸಾಗಿದೆ. ಹೊಗೆಯನ್ನು ಹೊರದೂಡುವುದಕ್ಕಾಗಿ ಇದ್ದ ಕಿಂಡಿಗಳೇ ಹೊರಗಿನ ಹೊಗೆಗೆ ಒಳದಾರಿಯಾದುವು.

ಗಾಳಿ ಸಂದುಗಳಲ್ಲಿ ಏಕೆ ಚಲಿಸುವುದು ಎಂಬುದನ್ನು ತಿಳಿದರೆ ಮುಂದಿನ ಮಾತು ಸುಲಭವಾಗುವುದು. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ಶಾಖ. ಕಾದ ಗಾಳಿ ಹಗುರವಾಗಿ ಮೇಲಕ್ಕೇರಿ ಸೂರಿನ ಸಂದಿನಿಂದಲೂ ಮಹಡಿಯ ಮೆಟ್ಟಿಲ ದಾರಿಯಿಂದಲೂ ಹೊರಟುಹೋಗುವುದು. ಅದರ ಸ್ಥಾನಕ್ಕೆ ಕೆಳಗಿನ ಗಾಳಿ ನುಗ್ಗುವುದು. ಕೆಳಗಿನದೆಂದರೆ ಚರಂಡಿಯ ಪಕ್ಕದ ಗಾಳಿ, ಬಂಡಿಗಳು ನಿಂತಿರುವ ನೆಲದಂತಸ್ತಿನ ಗಾಳಿ. ಎರಡನೆಯದು ಬೀಸುವ ಗಾಳಿ. ಅದು ಬಂದು ಬಡಿಯುವ ಗೋಡೆಯಲ್ಲಿ ಒಳಕ್ಕೆ ತಳ್ಳುವುದು, ಹಿಂಬದಿಯ ಗೋಡೆಯಲ್ಲಿ ಹೊರಕ್ಕೆ ಎಳೆಯುವುದು. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೂ ಚಳಿಗಾಲದ ಗಾಳಿ ಪೂರ್ವದಿಂದಲೂ ಬೀಸುವುದರಿಂದ, ಜುಲೈ ತಿಂಗಳಲ್ಲಿ ನಿರಪಾಯವಾಗಿದ್ದ ಬಿರುಕು ಜನವರಿಯಲ್ಲಿ ತೊಂದರೆ ಕೊಡಬಹುದು. ಮೂರನೆಯದು ಯಂತ್ರ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನು ಎಷ್ಟು ಗಾಳಿಯನ್ನು ಹೊರಗೆ ಕಳುಹಿಸುವುದೋ ಅಷ್ಟೇ ಗಾಳಿ ಬೇರೊಂದು ಕಡೆಯಿಂದ ಒಳಗೆ ಬಂದೇ ತೀರಬೇಕು. ಕಿಟಕಿ ತೆರೆದಿದ್ದರೆ ಕಿಟಕಿಯಿಂದ ಬರುವುದು. ಮುಚ್ಚಿದ್ದರೆ ಬಚ್ಚಲ ಮೋರಿಯಿಂದ ಬರುವುದು. ಫ್ಯಾನು ಹಾಕಿದಾಗಲೆಲ್ಲ ಮನೆಯಲ್ಲಿ ದುರ್ವಾಸನೆ ಏಳುವುದೆಂದು ದೂರುವವರು ಈ ಕಾರಣವನ್ನು ಮೊದಲು ಪರೀಕ್ಷಿಸಬೇಕು.

ಗಾಳಿ ಎಲ್ಲಿಂದ ಬರುವುದೆಂಬ ಪ್ರಶ್ನೆಯನ್ನು ಬಹುಕಾಲದ ಹಿಂದೆಯೇ ಎತ್ತಿದ ಮಹನೀಯಳು ಫ್ಲಾರೆನ್ಸ್ ನೈಟಿಂಗೇಲ್. ರೋಗಿಗಳ ಶುಶ್ರೂಷೆಯನ್ನು ಕುರಿತು ೧೮೫೯ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ಆಕೆ, ಶುಶ್ರೂಷೆಯ ಮೊದಲನೆಯ ನಿಯಮವೇ ರೋಗಿಯ ಕೋಣೆಯ ಗಾಳಿಯನ್ನು ಹೊರಗಿನ ಗಾಳಿಯಷ್ಟು ಶುದ್ಧವಾಗಿಡುವುದೆಂದು ಹೇಳಿದಳು. ಅಷ್ಟಕ್ಕೇ ನಿಲ್ಲದೆ, ಹೊಲಸು ತುಂಬಿದ ಮೊಗಸಾಲೆಯಿಂದಲೋ ಬೇರೆ ಕೋಣೆಯಿಂದಲೋ ಬರುವ ಗಾಳಿಯನ್ನು ಶುದ್ಧವಾಯುವೆಂದು ಭ್ರಮಿಸಬಾರದೆಂದೂ ಎಚ್ಚರಿಸಿದಳು.

ಇದೇ ಪಾಠವನ್ನು ನಮ್ಮ ಊರು ಬಹು ದುಃಖಪಟ್ಟು ಕಲಿಯಿತು. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಕೆಟ್ಟ ಗಾಳಿಯಿಂದಲೇ ರೋಗ ಹರಡುವುದೆಂದು ಅನೇಕರು ನಂಬಿದ್ದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು, ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುವುದೆಂದು ಪ್ರಯೋಗದಿಂದ ಕಂಡುಕೊಂಡನು. ಲೋಕವು ಅದನ್ನು ಒಪ್ಪುವುದಕ್ಕೆ ಕೆಲವು ವರ್ಷಗಳೇ ಹಿಡಿದುವು. ಅನಂತರ ದಂಡಿನ ಇಕ್ಕಟ್ಟನ್ನು ತಗ್ಗಿಸುವುದಕ್ಕಾಗಿ ಹಲಸೂರು ಕೆರೆಗೆ ಉತ್ತರದಲ್ಲಿ ಫ್ರೇಜರ್ ಟೌನ್ ಬಡಾವಣೆ ಎದ್ದಿತು. ಪ್ಲೇಗಿಗೆ ಎಡೆಗೊಡದ ಊರನ್ನು ಕಟ್ಟುವ ಈ ಪ್ರಯತ್ನವನ್ನು ಕುರಿತು ಜೆ. ಎಚ್. ಸ್ಟೀಫನ್ಸ್ ಎಂಬವರು ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಲಿ ನುಗ್ಗುವ ಬಿಲಗಳಿರಬಾರದು, ಗಾಳಿಬೆಳಕು ಬರುವ ಕಿಟಕಿಗಳಿರಬೇಕು: ಇದೇ ಅದರ ಸಾರ. ಮುಚ್ಚುವುದೂ ತೆರೆಯುವುದೂ ಒಂದಕ್ಕೊಂದು ವಿರೋಧವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಇಂದಿನ ಶತ್ರು ಇಲಿಗಿಂತ ಬಹಳ ಸಣ್ಣದು. ವಾಹನಗಳ ಹೊಗೆಯಲ್ಲಿಯೂ ಬೀದಿಬದಿಯಲ್ಲಿ ಸುಡುವ ಕಸದ ಹೊಗೆಯಲ್ಲಿಯೂ ಎರಡೂವರೆ ಮೈಕ್ರಾನಿಗಿಂತ ಕಿರಿದಾದ ಕಣಗಳು ತುಂಬಿರುವುವು. ನಮ್ಮ ತಲೆಗೂದಲ ದಪ್ಪವು ಇದರ ಇಪ್ಪತ್ತರಷ್ಟಕ್ಕೂ ಹೆಚ್ಚು. ಮೂಗಿನ ಕೂದಲು ಇವನ್ನು ತಡೆಯಲಾರದು. ಇವು ಶ್ವಾಸಕೋಶದ ಆಳಕ್ಕೆ ಇಳಿದು ಮಕ್ಕಳ ಉಬ್ಬಸವನ್ನು ಕೆರಳಿಸುವುವು, ಹಿರಿಯರ ಹೃದಯಕ್ಕೂ ಕೇಡು ಮಾಡುವುವು. ಒಂದು ಘನಮೀಟರು ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ ೫ ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೇಳಿತು. ಭಾರತದಲ್ಲಿ ೨೦೦೯ರಲ್ಲಿ ಗೊತ್ತುಮಾಡಿದ ಮಿತಿ ೪೦.

ಇನ್ನು ಮನೆಯ ಸಂದುಗಳನ್ನು ಕಂಡುಹಿಡಿಯುವ ಬಗೆಯನ್ನು ನೋಡೋಣ. ಅಮೆರಿಕ ಮೊದಲಾದ ದೇಶಗಳಲ್ಲಿ ತಲೆಬಾಗಿಲಿಗೆ ದೊಡ್ಡದೊಂದು ಫ್ಯಾನನ್ನು ಬಿಗಿದು, ಮನೆಯ ಗಾಳಿಯನ್ನು ಹೊರಕ್ಕೆಳೆದು, ಎಲ್ಲೆಲ್ಲಿ ಎಷ್ಟು ಸೋರುವುದೆಂದು ಅಳೆಯುವರು. ನಮಗೆ ಒಂದು ಊದುಬತ್ತಿ ಸಾಕು. ಗಾಳಿ ಬೀಸುವ ದಿನ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆಗಳನ್ನೆಲ್ಲ ಆರಿಸಿ, ಎಕ್ಸಾಸ್ಟ್ ಫ್ಯಾನನ್ನು ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಹೊಸ್ತಿಲು, ಕಿಟಕಿಯ ಚೌಕಟ್ಟು, ಕೊಳವೆಗಳು ಗೋಡೆಯನ್ನು ಹೊಕ್ಕಿರುವ ತೂತು, ವಿದ್ಯುತ್ತಿನ ಸ್ವಿಚ್ಚಿನ ಹಲಗೆ, ಗೋಡೆಯೂ ಸೂರೂ ಕೂಡುವ ಮೂಲೆ ಇವುಗಳ ಬಳಿ ಪರದೆ ಬಟ್ಟೆಗಳಿಗೆ ತಾಕದಂತೆ ಹಿಡಿಯಬೇಕು. ಹೊಗೆಯ ಎಳೆ ನೆಟ್ಟಗೆ ಏರಿದರೆ ಅಲ್ಲಿ ಸೋರಿಕೆಯಿಲ್ಲ. ಒಳಕ್ಕೆ ಬಾಗಿದರೆ ಅಲ್ಲೊಂದು ಸಂದಿದೆಯೆಂದು ತಿಳಿಯಬೇಕು. ಪರೀಕ್ಷೆ ಮುಗಿದ ಕೂಡಲೆ ಕಿಟಕಿಗಳನ್ನು ತೆರೆಯತಕ್ಕದ್ದು, ಏಕೆಂದರೆ ಊದುಬತ್ತಿಯ ಹೊಗೆಯೂ ಹೊಗೆಯೇ. ಊದುಬತ್ತಿಯಿಲ್ಲದೆಯೂ ಕಾಣುವ ಗುರುತೊಂದುಂಟು. ಸುಣ್ಣ ಬಳಿದ ಗೋಡೆಯಲ್ಲಿ ಚೌಕಟ್ಟಿನ ಅಂಚಿನುದ್ದಕ್ಕೂ ಕಪ್ಪು ಗೆರೆ ಮೂಡಿದ್ದರೆ, ಆ ದಾರಿಯಿಂದ ಬಹುದಿನಗಳಿಂದ ಧೂಳು ಬರುತ್ತಿದೆಯೆಂದು ಅರ್ಥ.

ಸಣ್ಣ ಸಂದೆಂದು ಉದಾಸೀನ ಮಾಡಲಾಗದು. ಮೂರಡಿ ಅಗಲದ ಬಾಗಿಲಿನ ಕೆಳಗೆ ಅರ್ಧ ಅಂಗುಲ ಸಂದಿದ್ದರೆ ಅದು ಹದಿನೆಂಟು ಚದರ ಅಂಗುಲವಾಯಿತು. ಅಂದರೆ ಗೋಡೆಯಲ್ಲಿ ನಾಲ್ಕೂಕಾಲು ಅಂಗುಲ ಚೌಕದ ಒಂದು ತೂತನ್ನು ಕೊರೆದು ಹಗಲೂ ಇರುಳೂ ತೆರೆದಿಟ್ಟಂತೆ!

ಎಲ್ಲವನ್ನೂ ಒಂದೇ ದಿನದಲ್ಲಿ ಮುಚ್ಚಬೇಕಾದುದಿಲ್ಲ. ಹೆಚ್ಚು ಹೊಲಸಿರುವ ಬದಿಯಿಂದ ಪ್ರಾರಂಭಿಸಬೇಕು. ಮೊದಲನೆಯದು ಬಚ್ಚಲು. ಮೋರಿಯ ಬಾಯಿಯ ಕೆಳಗೆ ಬಾಗಿದ ಕೊಳವೆಯಿದ್ದು, ಅದರಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಮುಚ್ಚಳವಾಗಿರುವುದು. ಕೆಲವು ವಾರ ಬಳಸದೆ ಬಿಟ್ಟ ಬಚ್ಚಲಲ್ಲಿ ಈ ನೀರು ಆರಿಹೋಗಿ ದಾರಿ ತೆರೆದುಬಿಡುವುದು. ವಾರಕ್ಕೆ ಒಂದೆರಡು ಚೊಂಬು ನೀರನ್ನು ಸುರಿದರೆ ಸಾಕು. ಇದಕ್ಕಿಂತ ಅಗ್ಗವಾದ ಆರೋಗ್ಯಸಾಧನ ಮತ್ತೊಂದಿಲ್ಲ. ಬಾಗಿದ ಕೊಳವೆಯೇ ಇಲ್ಲದ ಹಳೆಯ ಮೋರಿಗೆ ಅದನ್ನು ಹಾಕಿಸಬೇಕು. ಎರಡನೆಯದು ಕೊಳವೆಗಳೂ ತಂತಿಗಳೂ ಗೋಡೆಯನ್ನು ಹೊಕ್ಕಿರುವ ತೂತುಗಳು. ಇವನ್ನು ಸಿಮೆಂಟಿನಿಂದ ಮುಚ್ಚಬಹುದು. ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಸುಣ್ಣದ ಗಾರೆಯೇ ಮೇಲು, ಏಕೆಂದರೆ ಗಟ್ಟಿ ಸಿಮೆಂಟು ಅದರೊಡನೆ ಕೂಡದೆ ಬಿಟ್ಟುಕೊಳ್ಳಬಹುದು. ಇಲಿಯ ಕಾಟವಿದ್ದರೆ ಒಳಗೆ ತಂತಿಯ ಬಲೆಯನ್ನು ತುರುಕಿ ಅನಂತರ ಗಾರೆ ಹಾಕಬೇಕು. ಮೂರನೆಯದು ನೆಲದಂತಸ್ತಿನಿಂದ ಮೇಲಕ್ಕೆ ಬರುವ ಮೆಟ್ಟಿಲ ಬದಿಯ ಬಾಗಿಲು. ಅದರ ಅಂಚಿಗೆ ರಬ್ಬರಿನ ಪಟ್ಟಿಯನ್ನೂ ಕೆಳಗೆ ದಪ್ಪ ಬಟ್ಟೆಯ ಪಟ್ಟಿಯನ್ನೂ ಹೊಡೆಯಬೇಕು. ಕಡೆಯದಾಗಿ ಬೀದಿಯ ಕಡೆಯ ಕಿಟಕಿಗಳು. ಚೌಕಟ್ಟಿಗೂ ಗೋಡೆಗೂ ನಡುವಣ ಬಿರುಕಿಗೆ ಬಡಗಿಗಳು ಬಳಸುವ ಪುಟ್ಟಿಯನ್ನು ಒತ್ತಿದರೆ ತೀರಿತು.

ಬಾಡಿಗೆಯ ಮನೆಯಲ್ಲಿರುವವರು ಗೋಡೆಯನ್ನು ಮುಟ್ಟಲಾರರೆಂಬುದು ನಿಜ. ಆದರೆ ಮೋರಿಗೆ ನೀರು ಸುರಿಯುವುದಕ್ಕೂ ಬಾಗಿಲಿನಡಿಗೆ ಬಟ್ಟೆಯ ಸುರುಳಿಯನ್ನಿಡುವುದಕ್ಕೂ ಕಿಟಕಿಗೆ ಅಂಟುಪಟ್ಟಿ ಹಚ್ಚುವುದಕ್ಕೂ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಷ್ಟನ್ನು ಓದಿ, ಎಲ್ಲ ಕಿಂಡಿಗಳನ್ನೂ ಬಿಗಿದುಬಿಡೋಣವೆಂದು ಯಾರಾದರೂ ಹೊರಟರೆ ಅವರು ಈ ಲೇಖನದ ಅರ್ಧವನ್ನು ಮಾತ್ರ ಓದಿದಂತಾಯಿತು. ಮನೆಯೊಳಗೇ ಹುಟ್ಟುವ ಕೆಡುಕುಗಳೂ ಉಂಟು; ಅವುಗಳಿಗೆ ಹೊರದಾರಿ ಬೇಕು. ಮ್ಯೂನಿಕ್ ನಗರದ ಮಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಎಂಬ ಪಂಡಿತನು ೧೮೫೮ರಲ್ಲಿ, ನಮ್ಮ ಉಸಿರಿನಿಂದ ಹೊರಬರುವ ಇಂಗಾಲಾಮ್ಲ ವಾಯುವು ಕೋಣೆಯ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ೧,೦೦೦ ಪಾಲನ್ನು ಮೀರಿದರೆ ಆ ಗಾಳಿ ಹಳಸಿತೆಂದು ತಿಳಿಯಬೇಕೆಂದು ಗೊತ್ತುಮಾಡಿದನು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು ೨೮,೩೦೦ ಲೀಟರು ಗಾಳಿ ಹಿಡಿಯುವುದು. ಅಲ್ಲಿ ಮಲಗಿದ ನಾಲ್ವರು, ತಲೆಗೆ ೧೨ ಲೀಟರಿನಂತೆ, ಗಂಟೆಗೆ ೪೮ ಲೀಟರು ಇಂಗಾಲಾಮ್ಲ ವಾಯುವನ್ನು ಹೊರಬಿಡುವರು. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ೪೨೦ರಷ್ಟು. ಕೋಣೆಯಲ್ಲಿ ಎಲ್ಲ ಸಂದುಗಳನ್ನೂ ಬಿಗಿದರೆ ಒಂದೇ ಗಂಟೆಯಲ್ಲಿ ಅದು ೨,೦೦೦ವನ್ನು ದಾಟುವುದು. ಬೆಳಗ್ಗೆ ಎದ್ದಾಗ ಮಕ್ಕಳ ತಲೆ ಭಾರವಾಗಿರುವುದಕ್ಕೆ ಓದಿನ ಆಯಾಸವೇ ಯಾವಾಗಲೂ ಕಾರಣವಲ್ಲ. ಕ್ಷಯರೋಗವೂ ೨೦೨೦ರಲ್ಲಿ ಲೋಕವನ್ನೆಲ್ಲ ಪೀಡಿಸಿದ ಕೋವಿಡ್ ರೋಗವೂ ಹರಡುವುದು ಇಂತಹ ಹಳಸಿದ ಗಾಳಿಯ ಕೋಣೆಗಳಲ್ಲಿಯೇ.

ಪಾಶ್ಚಾತ್ಯ ದೇಶಗಳವರು ಈ ತಪ್ಪನ್ನು ಮಾಡಿ ತಿಳಿದುಕೊಂಡರು. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದಾಗ, ಮನೆ ಕಚೇರಿಗಳ ಶಾಖ ಹೊರಗೆ ಹೋಗದಂತೆ ಸಂದುಗಳನ್ನು ಬಿಗಿದು, ಹೊರಗಿನ ಗಾಳಿಯನ್ನೂ ಕಡಿಮೆಮಾಡಿದರು. ಕೆಲವು ವರ್ಷಗಳೊಳಗಾಗಿ ಅಂತಹ ಕಟ್ಟಡಗಳಲ್ಲಿ ಕೆಲಸಮಾಡುವವರು ತಲೆನೋವು, ಕಣ್ಣುರಿ, ಆಯಾಸಗಳಿಂದ ನರಳತೊಡಗಿದರು.

ನಮ್ಮಲ್ಲಿ ಇದಕ್ಕಿಂತ ಭಯಂಕರವಾದ ಒಂದು ವಾಡಿಕೆಯುಂಟು. ಬಾಣಂತಿಗೆ ಗಾಳಿ ಸೋಕಬಾರದೆಂದು ಕೋಣೆಯ ಸಂದುಗೊಂದುಗಳಿಗೆಲ್ಲ ಬಟ್ಟೆ ತುರುಕಿ, ಒಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಲ ಕೆಂಡವನ್ನಿಟ್ಟು ತಾಯಿಯನ್ನೂ ಹಸುಗೂಸನ್ನೂ ಮಲಗಿಸುವರು. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರನ್ನು ಎಚ್ಚರಿಸದೆಯೇ ಕೊಂದುಬಿಡುವುದು. ಮುಚ್ಚಿದ ಬಚ್ಚಲಲ್ಲಿ ಗ್ಯಾಸಿನ ಗೀಸರನ್ನು ಉರಿಸುವುದೂ ಇದರಷ್ಟೇ ಅಪಾಯಕರ. ಗೀಸರನ್ನು ಹೊರಗಿಟ್ಟು ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರಬೇಕು. ಬೆಂಕಿ ಉರಿಯುವ ಕೋಣೆಯ ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅಡಿಗೆಮನೆಯಲ್ಲಿ ಸಿಲಿಂಡರಿನ ಗ್ಯಾಸನ್ನು ಬಳಸುವವರು ನೆಲದ ಬಳಿಯಲ್ಲಿ ಹೊರಬಯಲಿಗೆ ತೆರೆದ ಕಿಂಡಿಯನ್ನು ಬಿಟ್ಟಿರಬೇಕು, ಏಕೆಂದರೆ ಆ ಗ್ಯಾಸು ಗಾಳಿಗಿಂತ ಭಾರವಾಗಿ ಕೆಳಗೆ ಕೂಡುವುದು. ಬೀದಿಯ ಕೊಳವೆಯಿಂದ ಬರುವ ನೈಸರ್ಗಿಕ ಅನಿಲವಾದರೋ ಹಗುರ. ಅದಕ್ಕೆ ಸೂರಿನ ಹತ್ತಿರ ಕಿಂಡಿ ಬೇಕು.

ಹಾಗಾದರೆ ಒಳ್ಳೆಯ ಗಾಳಿಯನ್ನು ತರುವ ಬಗೆ ಹೇಗೆ? ಬೀದಿಗೂ ಮೋರಿಗೂ ದೂರವಾದ ಬದಿಯ ಕಿಟಕಿಯನ್ನೂ ಅದಕ್ಕೆ ಎದುರಾದ ಮೇಲಿನ ಗವಾಕ್ಷಿಯನ್ನೂ ತೆರೆದರೆ ಗಾಳಿ ಕೋಣೆಯನ್ನು ಹಾದುಹೋಗುವುದು. ಕಾಲವನ್ನೂ ಆರಿಸಿಕೊಳ್ಳಬೇಕು. ಚಳಿಗಾಲದ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೇರಗೊಡಿಸದು; ಬಿಸಿಲೇರಿದ ಮೇಲೆ ಅದು ಚದರಿಹೋಗುವುದು. ಆದಕಾರಣ ಬೀದಿಯ ಕಿಟಕಿಗಳನ್ನು ವಾಹನಗಳು ಒತ್ತರಿಸುವ ಬೆಳಗುಸಂಜೆಗಳಲ್ಲಿ ಮುಚ್ಚಿ, ಮಧ್ಯಾಹ್ನದಲ್ಲಿಯೂ ರಾತ್ರಿ ಸಂಚಾರ ತಗ್ಗಿದ ಮೇಲೆಯೂ ತೆರೆಯುವುದು ಲೇಸು. ಮಲಗುವ ಕೋಣೆಗೆ ಮಾತ್ರ ಇರುಳೆಲ್ಲ ಒಂದು ಕಿಟಕಿ ತೆರೆದಿರಬೇಕು.

"ತೆರೆದರೆ ಸೊಳ್ಳೆ ಬರುವುದಲ್ಲ!" ಎಂದು ತಾಯಂದಿರು ಕೇಳುವರು. ಕೆರೆಯ ಸಮೀಪದ ನಮ್ಮ ಬೀದಿಗಳಲ್ಲಿ ಅದು ನ್ಯಾಯವಾದ ಮಾತೇ. ಆದರೆ ಸೊಳ್ಳೆಗೆ ಹೆದರಿ ಕಿಟಕಿಯನ್ನು ಮುಚ್ಚಿ, ಒಳಗೆ ಸೊಳ್ಳೆಬತ್ತಿಯನ್ನು ಹಚ್ಚುವುದು ಸರಿಯಾದ ಉತ್ತರವಲ್ಲ. ಒಂದು ಸೊಳ್ಳೆಬತ್ತಿ ಉರಿದುಹೋಗುವಷ್ಟರಲ್ಲಿ ೭೫ರಿಂದ ೧೩೭ ಸಿಗರೇಟುಗಳಷ್ಟು ಸೂಕ್ಷ್ಮಕಣಗಳನ್ನು ಹೊರಬಿಡಬಲ್ಲುದೆಂದು ೨೦೦೩ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಿಂದ ತಿಳಿದುಬಂದಿದೆ. ಮನೆಯಲ್ಲಿ ಯಾರೂ ಸಿಗರೇಟು ಸೇದಬಾರದೆಂದು ಕಟ್ಟುಮಾಡಿದ ತಾಯಿಯೇ ಕೂಸಿನ ತೊಟ್ಟಿಲ ಕೆಳಗೆ ಇದನ್ನು ಹಚ್ಚಿಡುವಳಲ್ಲ! ತೆರೆಯುವ ಕಿಟಕಿಗೆ ತಂತಿಯ ಬಲೆಯನ್ನು ಹಾಕಿಸಿ, ಬಲೆಯಿಲ್ಲದ ಸಂದುಗಳನ್ನು ಮುಚ್ಚಿದರೆ ಗಾಳಿ ಒಳಗೆ ಬರುವುದು, ಸೊಳ್ಳೆ ಹೊರಗುಳಿಯುವುದು, ಬತ್ತಿಯ ಅವಶ್ಯಕತೆಯೂ ತಪ್ಪುವುದು. ಬಲೆಗೆ ಧೂಳು ಕಟ್ಟಿದರೆ ಗಾಳಿ ನಿಲ್ಲುವುದರಿಂದ ಅದನ್ನು ತಿಂಗಳಿಗೊಮ್ಮೆ ತೊಳೆಯತಕ್ಕದ್ದು.

ಹೊರಗಿನ ಗಾಳಿಯನ್ನೆಲ್ಲ ಶುದ್ಧಮಾಡುವುದು ಒಂದು ಮನೆಯವರ ಕೈಯಲ್ಲಿಲ್ಲ. ಅದಕ್ಕೆ ಊರೆಲ್ಲ ದುಡಿಯಬೇಕು, ಸರ್ಕಾರವೂ ದುಡಿಯಬೇಕು. ಆದರೆ ಯಾವ ಗಾಳಿಯನ್ನು ಒಳಗೆ ಕರೆಯಬೇಕು, ಯಾವುದನ್ನು ಹೊಸ್ತಿಲಲ್ಲಿಯೇ ನಿಲ್ಲಿಸಬೇಕು ಎಂಬುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಮೊದಲು ಮನೆಯೊಳಗಿನ ಹೊಗೆಯನ್ನು ಕಡಿಮೆಮಾಡುವುದು, ಅನಂತರ ಹೊಲಸಿನ ಬದಿಯ ಸಂದುಗಳನ್ನು ಮುಚ್ಚುವುದು, ಅದೇ ದಿನ ಶುದ್ಧವಾದ ಬದಿಯ ಕಿಟಕಿಯನ್ನು ತೆರೆಯುವುದು: ಈ ಕ್ರಮವನ್ನು ತಪ್ಪದೆ ಅನುಸರಿಸಿದರೆ ಸಾಕು. ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಓದುತ್ತಿರುವ ಹುಡುಗಿಯು ಒಂದು ರಜೆಯ ಮಧ್ಯಾಹ್ನದಲ್ಲಿ ತಾಯಿಯೊಡನೆ ಕೂಡಿ ಮನೆಯ ಸಂದುಗಳನ್ನೆಲ್ಲ ಪರೀಕ್ಷಿಸಿ ಪಟ್ಟಿಮಾಡಬಲ್ಲಳು. ಸೃಷ್ಟಿಕರ್ತನು ಮನುಷ್ಯನಿಗೆ ಮೊಟ್ಟಮೊದಲು ಅನುಗ್ರಹಿಸಿದುದು ಜೀವಶ್ವಾಸವೆಂದು ನಮ್ಮ ಶಾಲೆಯಲ್ಲಿ ಕಲಿತ ನಾವು, ಆ ದಾನವನ್ನು ನಮ್ಮ ಮಕ್ಕಳಿಗೆ ಸಾಧ್ಯವಾದಷ್ಟು ನಿರ್ಮಲವಾಗಿ ಮುಟ್ಟಿಸುವುದಕ್ಕೆ ಈ ಅಲ್ಪಶ್ರಮವನ್ನು ವಹಿಸದಿರಲಾದೀತೇ?